ಚುಕ್ಕಿಯ ಬಲಕ್ಕೆ

ನನ್ನ ಸೋದರಮಾವ ರಾದೊಸಾವ್ ಮೊಹರು ಕೆತ್ತುವವನು.
ನಿಕ್ಷಿಚ್ ಪಟ್ಟಣದ ಬಸ್ ನಿಲ್ದಾಣದ ಹಿಂದೆ
ಬೆಂಕಿಪೊಟ್ಟಣದಷ್ಟು ಅಂಗಡಿ, ರಬ್ಬರ್ ಸುಟ್ಟ ವಾಸನೆ.
ದೇಶ ಹೆಸರು ಬದಲಿಸಿದಾಗಲೆಲ್ಲ ಅವನಿಗೆ ಸುಗ್ಗಿ:
ಶಾಲೆ, ಆಸ್ಪತ್ರೆ, ನೋಟರಿ, ಕಸಾಯಿಖಾನೆ,
ಎಲ್ಲರಿಗೂ ಹೊಸ ದುಂಡು ಮೊಹರು
ನಾಳೆ ಬೆಳಗಿಗೇ ಬೇಕು.
ಮೂರು ಸಲ ಹೀಗಾಯಿತು. ಮೂರನೆಯ ಸಲ
ಮನೆಗೆ ಹೊಸ ತಗಡು ಹೊದಿಸಿದ.

ನಾನು ಸ್ತಾನಿಯಾ. ಹಗಲು
ಹಲ್ಲಿನ ಡಾಕ್ಟರರ ಲೆಕ್ಕ ಬರೆಯುತ್ತೇನೆ,
ರಾತ್ರಿ ಹೆಸರು ಕೊಳ್ಳುತ್ತೇನೆ.
ಡಾಟ್ ಕಾಮ್ ಅನ್ನುವುದು ಪೇಟೆಬೀದಿ,
ಅಲ್ಲಿ ಗೇಣು ಜಾಗ ಖಾಲಿಯಿಲ್ಲ.
ಒಳ್ಳೊಳ್ಳೆಯ ಮಾತುಗಳಿಗೆಲ್ಲ ಯಾರೋ
ನಾನು ಟೈಪು ಕಲಿಯುವ ಮೊದಲೇ ಬೇಲಿ ಹಾಕಿ
ಒಳಗೆ ಮಲಗಿದ್ದಾರೆ.
ನನ್ನಂಥವರು ಚುಕ್ಕಿ ದಾಟಿ ಬಲಕ್ಕೆ ಹೋಗುತ್ತೇವೆ:
ಡಾಟ್ ಕ್ಲಬ್, ಡಾಟ್ ಪಿಜ್ಜಾ, ಡಾಟ್ ಗುರು.
ಕೊಸರಿಗೆ ಬಿದ್ದ ಬದನೆಕಾಯಿಯೂ ಒಂದು ದಿನ
ತಕ್ಕಡಿ ಏರೀತು ಎಂಬ ಆಸೆ.

ನಮ್ಮ ದೇಶದ ಪಾಲಿಗೆ ಬಂದದ್ದು ಡಾಟ್ ಮೀ.
ನಾವು ನಾಡನ್ನು ಕರೆಯುವುದು ತ್ಸರ್ನಾ ಗೋರಾ, ಕರಿಬೆಟ್ಟ;
ಅದರಲ್ಲಿ ಎಮ್ಮೂ ಇಲ್ಲ, ಈಯೂ ಇಲ್ಲ.
ಹೊರಗಿನವರು ಇಟ್ಟ ಹೆಸರಿನಿಂದ
ಎರಡಕ್ಷರ ಹೆಕ್ಕಿ ನಮಗೆ ಬಾಲ ಕಟ್ಟಿದರು.
ಬಾಲವೋ, ಇಂಗ್ಲಿಷಿನಲ್ಲಿ 'ನನ್ನನ್ನು'.
'ನನ್ನನ್ನು' ಬೇಡ ಅನ್ನುವವರು ಎಲ್ಲಿದ್ದಾರೆ ಹೇಳಿ?

ನಗಿಸು ನನ್ನನ್ನು, ಎಬ್ಬಿಸು ನನ್ನನ್ನು,
ತೆಳ್ಳಗಾಗಿಸು ನನ್ನನ್ನು, ಸಾಲದಿಂದ ಬಿಡಿಸು ನನ್ನನ್ನು.
ಅರವತ್ತೊಂದು ಕೊಂಡೆ.
ಒಂದೊಂದಕ್ಕೆ ವರ್ಷಕ್ಕೆ ಹದಿನೆಂಟು ಯೂರೋ ಮೇವು.
'ಎಬ್ಬಿಸು' ಮಾತ್ರ ನಾರ್ವೆಯ ಹಾಸಿಗೆ ಕಂಪನಿಗೆ ಹೋಯಿತು
ಎರಡು ಸಾವಿರದ ಮುನ್ನೂರಕ್ಕೆ.
ಉಳಿದವು ಹಾಲು ಕೊಡದ ಆಡುಗಳು;
ಬೆಲೆ ಕಟ್ಟುವ ಯಂತ್ರ ಇವತ್ತು ಏಳುನೂರು ಅನ್ನುತ್ತದೆ,
ನಾಳೆ ಹನ್ನೆರಡು.

ಮಾವ ಕೇಳಿದ: ಈ ಆಸ್ತಿ ಯಾವುದರ ಮೇಲೆ ನಿಂತಿದೆ?
ದೇಶದ ಮೇಲೆ, ಅಂದೆ.
ಅವನು ಗೋಡೆಯ ಹಲಗೆ ನೋಡಿದ.
ಮೂರು ದೇಶಗಳ ಮೊಹರು, ತಲೆಕೆಳಗಾಗಿ ನೇತು ಬಿದ್ದಿವೆ.
ಅಂಗಡಿಗೂ ಒಂದು ವಿಳಾಸವಿತ್ತು ಒಂದು ಕಾಲಕ್ಕೆ,
ಡಾಟ್ ಯು, ಯುಗೋಸ್ಲಾವಿಯದ್ದು.
ಸುಡಲಿಲ್ಲ, ಮುಳುಗಲಿಲ್ಲ, ಜಪ್ತಿಯೂ ಆಗಲಿಲ್ಲ;
ಯಾವುದೋ ಪಟ್ಟಿಯಲ್ಲಿ ಒಂದು ಸಾಲು ಅಳಿಸಿದರು.
ವಿಸಿಟಿಂಗ್ ಕಾರ್ಡುಗಳು ಇನ್ನೂ ನಾನೂರು ಉಳಿದಿವೆ,
ಹಿಂಬದಿಯಲ್ಲಿ ಮೊಟ್ಟೆ ಲೆಕ್ಕ ಬರೆಯುತ್ತಾನೆ.
"ಯು ಸತ್ತ ಮೇಲೆ ಮೀ ಹುಟ್ಟಿದ್ದು," ಅನ್ನುತ್ತಾನೆ.
ಅವನ ಇಂಗ್ಲಿಷು ಅಷ್ಟೇ.

ಆಮೇಲೆ ತಾನಾಗಿಯೇ ಅಂದ:
ಮೆ ಅಂದರೆ ನಮ್ಮ ಮಾತಲ್ಲೂ 'ನನ್ನನ್ನು' ತಾನೇ?
ಇದು ನನಗೆ ಹೊಳೆದೇ ಇರಲಿಲ್ಲ.
ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತನ್ನು
ನಾನು ಡಿಕ್ಷನರಿ ಹಿಡಿದು ಕೊಳ್ಳುತ್ತಿದ್ದೆ.
"ಚೆಕಾಯ್ ಮೆ ಇದೆಯಾ ನೋಡು" ಎಂದ.
ಕಾಯಿ ನನ್ನನ್ನು.
ಇತ್ತು. ಹದಿನೆಂಟು ಯೂರೋ ತಾನೇ ಎಣಿಸಿ ಕೊಟ್ಟ, ಚಿಲ್ಲರೆಯಲ್ಲಿ.
ಯಾರನ್ನು ಕಾಯಲು ಹೇಳುತ್ತಿದ್ದಾನೆ, ನಾನು ಕೇಳಲಿಲ್ಲ.

ನಾಲ್ಕು ವರ್ಷ ಆ ಪುಟ ಬಿಳಿಯಾಗಿಯೇ ಇತ್ತು.
ಕಳೆದ ಗುರುವಾರ ಪೊಡ್ಗೊರಿತ್ಸಾದ ಟ್ಯಾಕ್ಸಿಯವರು ಬಂದರು:
ಒಂಬೈನೂರು, ಇವತ್ತೇ.
ಮಾವ ಕನ್ನಡಕ ಒರೆಸಿದ. "ಕೊಟ್ಟುಬಿಡು.
ಟ್ಯಾಕ್ಸಿಯಾದರೆ ಯಾರಾದರೂ ಬಂದಾರು."

ರಸೀದಿಗೆ ಮೊಹರು ಬೇಕಿತ್ತು. ಕೂತು ಕೆತ್ತಿದ,
ರಬ್ಬರಿನ ಮೇಲೆ ಅಕ್ಷರವೆಲ್ಲ ಹಿಂದುಮುಂದು,
ಕೊನೆಯದು ಮೊದಲಾಗಿ.
ಚುಕ್ಕಿ ಬಂದಾಗ ಉಳಿ ನಿಲ್ಲಿಸಿ ನಕ್ಕ:
"ಇದೊಂದನ್ನು ಹೇಗೆ ಕೆತ್ತಿದರೂ ಸರಿ."
ಮೊದಲ ಅಚ್ಚು ಮಸುಕಾಗಿ ಬಂತು.
ಎರಡನೆಯದನ್ನು ಟ್ಯಾಕ್ಸಿಯವರು ಒಯ್ದರು.
ಮಸುಕಾದದ್ದು ಗಲ್ಲಾದ ಗಾಜಿನಡಿ ಇದೆ,
ಮೊಟ್ಟೆಯ ಲೆಕ್ಕದ ಪಕ್ಕ.